ಮುತ್ತೈದೆಗೆ ಕೊಟ್ಟ ಸ್ಟವ್

ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂತಿದ್ದೆ. ಬ್ಯಾಂಕಿನಿಂದ ಬಂದ ನಮ್ಮೆಜಮಾನರು ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳಿದರು: ಬಲಿಪಾಡ್ಯಮಿಯ ದಿನ ಎರ್ನಾಕುಲಂನ ಕನ್ನಡದ ಹೆಂಗಸರಿಗೆಲ್ಲ ಪೋಕರ್ ಪಂದ್ಯ, ಅದೂ ನಮ್ಮ ಮನೆಯಲ್ಲೇ. ಗೆದ್ದವರಿಗೆ ಸೀಮೆಎಣ್ಣೆ ಪಂಪ್ ಸ್ಟವ್.

ಇಸ್ಪೀಟು ಎಂದರೆ ನನಗೆ ಅಂಜಿಕೆ. ಆದರೆ ದೀಪಾವಳಿಯಲ್ಲಿ ಆಡಿದರೆ ದೋಷವಿಲ್ಲ ಎಂದು ಹಿರಿಯರೇ ಹೇಳಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ಒಳಕೋಣೆಯಲ್ಲಿ ಅತ್ತೆ ಕೆಮ್ಮುತ್ತಿದ್ದರು. ಈ ಊರಿನ ತುಲಾಮಾಸದ ಮಳೆಗೆ ಸೌದೆ ಒಣಗುವುದೇ ಇಲ್ಲ. ಒಲೆ ಹಚ್ಚಿದರೆ ಹೊಗೆ ನೇರ ಅವರ ಎದೆಗೆ. ಮಲಗಲಾಗದೆ ಕೂತೇ ನಿದ್ದೆ ಮಾಡುತ್ತಿದ್ದರು. ಸ್ಟವ್ ಕೊಳ್ಳುವ ಮಾತು ಪ್ರತಿ ತಿಂಗಳೂ ಮುಂದಿನ ತಿಂಗಳಿಗೆ ಹೋಗುತ್ತಿತ್ತು. ದೇವರೇ ದಾರಿ ತೋರಿಸಿದ ಎಂದುಕೊಂಡೆ.

ಇವರು ಕಾಫಿಯನ್ನೂ ಮರೆತು ಪಾಠ ಮಾಡಿದರು. ಹಣದ ಬದಲು ಹುಣಸೆಬೀಜ. ಬೀಜ ಮುಗಿದವರು ಎದ್ದು ಹೋಗಬೇಕು.

"ಕೆಟ್ಟ ಎಲೆ ಇಟ್ಕೊಂಡು ಬೀಜ ಕಡಿಮೆ ಇರೋರನ್ನ ಹೆದರಿಸೋಕೆ ಹೋಗ್ಬೇಡ. ಕಳ್ಕೊಳ್ಳೋಕೆ ಏನೂ ಇಲ್ದೋರು ಹೆದರಲ್ಲ. ಒಳ್ಳೆ ಎಲೆ ಬರೋವರೆಗೆ ಕಾಯಿ, ಬಂದ್ರೆ ಬಿಡ್ಬೇಡ. ನಿಂದೇ ಕಡಿಮೆ ಆದ್ರೆ ಮಾತ್ರ ಕಾಯ್ತಾ ಕೂರ್ಬೇಡ, ಇರೋದನ್ನೆಲ್ಲ ಒಂದೇ ಸಲ ಇಟ್ಬಿಡು."

ಇಷ್ಟೇ ತಾನೆ! ಒಬ್ಬಟ್ಟು ತಟ್ಟುವುದಕ್ಕಿಂತ ಸುಲಭ.

ಸುಲಭವೇ ಆಯಿತು. ಪಾಡ್ಯಮಿಯ ಸಂಜೆಯ ಹೊತ್ತಿಗೆ ಬೀಜ ಮುಗಿದವರೆಲ್ಲ ಎದ್ದು ಹೋಗಿದ್ದರು. ಉಳಿದವರು ನಾನು ಮತ್ತು ಕಾಸರಗೋಡಿನ ಕಮಲ. ಗಂಡನಿಗೆ ತಿರುವನಂತಪುರಕ್ಕೆ ವರ್ಗವಾಗಿ ಹೊರಟು ನಿಂತಿದ್ದವಳು. ನನ್ನ ಮುಂದೆ ಬೀಜದ ಗುಡ್ಡ. ಅವಳ ಮುಂದೆ ಒಂದು ಹಿಡಿ ಇದ್ದರೆ ಹೆಚ್ಚು. ನನ್ನ ಕೈಗೆ ಮೂರು ರಾಣಿಯರು ಬಂದರು, ಸುಲಭಕ್ಕೆ ಸೋಲದ ಎಲೆ. ಧೈರ್ಯವಾಗಿ ಬೀಜ ಇಟ್ಟೆ. ಅವಳು ಇದ್ದಬದ್ದದ್ದನ್ನೆಲ್ಲ ಮುಂದೆ ತಳ್ಳಿದಳು.

ಆಗ ಅವಳ ಹಣೆಯ ಕುಂಕುಮ ಕಂಡಿತು. ಹಬ್ಬ, ಅದರಲ್ಲೂ ಶುಕ್ರವಾರ. ಮನೆಗೆ ಬಂದ ಮುತ್ತೈದೆ ಬರಿಗೈಲಿ ಏಳುವುದೆ? ರಾಣಿಯರನ್ನು ಮಗುಚಿಟ್ಟು, "ನೀನೇ ತಗೋಮ್ಮ" ಎಂದೆ. ಕಿಟಕಿಯ ಬಳಿ ನಿಂತಿದ್ದ ಇವರು ಹಣೆ ಹಿಡಿದುಕೊಂಡರು.

ಇನ್ನೊಮ್ಮೆ ಹಾಗೇ ಆಯಿತು. ಮತ್ತೊಮ್ಮೆಯೂ. ಪುಣ್ಯದ ಕೆಲಸಕ್ಕೆ ಲೆಕ್ಕ ಇಡಬಾರದಲ್ಲ. ತಲೆಯೆತ್ತಿ ನೋಡಿದರೆ ಗುಡ್ಡ ಆ ಕಡೆ ಹೋಗಿತ್ತು. ಈಗ ಬಡವಿ ನಾನು. ಇರುವುದನ್ನೆಲ್ಲ ಒಟ್ಟಿಗೆ ಇಟ್ಟುಬಿಡಬೇಕಿತ್ತು. ಆದರೆ ಇದ್ದಷ್ಟನ್ನು ಜೋಪಾನ ಮಾಡಿಯೇ ಸಂಸಾರ ನಡೆಸಿದ ಕೈ. ಒಳ್ಳೆ ಎಲೆ ಬರಲಿ ಎಂದು ಕಾದೆ. ಆಡಲಿ ಬಿಡಲಿ, ಪ್ರತಿ ಆಟಕ್ಕೂ ಮೊದಲು ಬೀಜ ಹಾಕಲೇಬೇಕು. ಕಾಯುತ್ತ ಕಾಯುತ್ತಲೇ ಸವೆದುಹೋದೆ. ಕೊನೆಯ ಬೀಜ ಇಟ್ಟಾಗ ನನ್ನ ಕೈಯಲ್ಲಿದ್ದದ್ದು ಒಂದಕ್ಕೊಂದು ಸೇರದ ಎಲೆಗಳು. ಎದುರಿಗಿರುವವಳೂ ಮುತ್ತೈದೆ ಎಂಬುದು ಕಮಲಳಿಗೆ ಹೊಳೆಯಲೇ ಇಲ್ಲ.

"ಬೇಜಾರು ಮಾಡ್ಬೇಡಿ ಅಕ್ಕ," ಎಂದಳು ಸ್ಟವ್ ಎತ್ತಿಕೊಳ್ಳುತ್ತ. "ತಿರುವನಂತಪುರದ ಮನೆಯಲ್ಲಿ ಗ್ಯಾಸ್ ಉಂಟು. ಆದ್ರೂ ಇದೊಂದು ಇರ್ಲಿ."

ಅವಳಿಗೆ ಕುಂಕುಮ, ತಾಂಬೂಲವನ್ನೂ ಕೊಟ್ಟು ಕಳಿಸಿದೆ.

ಏನಾಯಿತು ಎಂದು ಅತ್ತೆ ಒಳಗಿಂದ ಕೇಳಿದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಕೆಮ್ಮಿ ಸುಧಾರಿಸಿಕೊಂಡರು.

"ಮುತ್ತೈದೆಗೆ ತಾಂಬೂಲ ಕೊಡ್ತಾರೆ ಕಣೇ," ಎಂದರು. "ಸ್ಟವ್ ಕೊಡಲ್ಲ."

ಇವರು ಹುಣಸೆಬೀಜವನ್ನೆಲ್ಲ ಬಳಿದು ಡಬ್ಬಿಗೆ ತುಂಬಿಟ್ಟರು. ಅದೂ ದೇವರ ದಯೆಯೇ. ಅತ್ತೆಗೆ ಕಷಾಯ ಆಗಬೇಕಿತ್ತು. ಒದ್ದೆ ಸೌದೆ ತುರುಕಿ ಊದುಗೊಳವೆ ಹಿಡಿದೆ. ಆ ಸಂಜೆ ಗಾಳಿ ತಿರುಗಿತ್ತು. ಹೊಗೆಯೆಲ್ಲ ಅತ್ತೆಯ ಕೋಣೆ ಬಿಟ್ಟು ನನ್ನ ಮುಖಕ್ಕೇ ಬಂತು. ದೇವರು ದೊಡ್ಡವನು. ಮತ್ತೆ ಊದಿದೆ.