ನಮ್ಮ ಹೊಲ, ಸರ್ಕಾರದ ಪಾತಾಳ

ಗುಡ್ಡದಲ್ಲಿ ಕಬ್ಬಿಣದ ಅದಿರು ಇರುವ ಊರಿನಲ್ಲಿ ನಗು ಮಾತ್ರ ಅಗೆಯದೆಯೇ ಸಿಗುತ್ತದೆ. ನಮ್ಮೂರು ಹೊಳಲ್ಕೆರೆ ತಾಲ್ಲೂಕಿನದು, ಹೊಸದುರ್ಗಕ್ಕೆ ಹೋಗುವ ದಾರಿಯಲ್ಲಿದೆ. ಎರಡು ಸಾವಿರದ ಇಸವಿ ಕಳೆದ ಮೇಲೆ ಅದಿರಿಗೆ ಬೆಲೆ ಬಂತಲ್ಲ, ಆಗ ನಾನು ಅಲ್ಲಿನ ಡೇರಿಯಲ್ಲಿ ಹಾಲು ಅಳೆಯುತ್ತಿದ್ದೆ. ಹಾಲು ಹಾಕಲು ಬಂದವರು ಊರಿನ ಸುದ್ದಿಯನ್ನೂ ಹಾಕಿಯೇ ಹೋಗುತ್ತಾರೆ. ಇದನ್ನು ಮೊದಲೇ ಹೇಳದಿದ್ದರೆ, ಇವನಿಗೆ ಇಷ್ಟೆಲ್ಲ ಹೇಗೆ ಗೊತ್ತು ಎಂದು ನೀವು ಕೇಳಬಹುದು. ಇನ್ನು, ಇಲ್ಲಿ ಬರುವ ದೊಡ್ಡಮ್ಮ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಗುಡ್ಡದ ಬುಡದ ಹೊಲ ಆಕೆಯದು. ಆಕೆಗೆ ಇರುವುದೂ ಅದೊಂದೇ.

ಬೋರು

ಗಣಿ ಕಂಪನಿಯವರು ಮೊದಲು ಪಕ್ಕದ ಗೋಮಾಳಕ್ಕೆ ಬೋರ್ ಯಂತ್ರ ತಂದರು. ನಮ್ಮ ಕಡೆ ಬೋರು ಎಂದರೆ ಕೊಳವೆಬಾವಿ, ಕೊಳವೆಬಾವಿ ಎಂದರೆ ನೀರು. ಬೇರೆ ಅರ್ಥವೇ ಇಲ್ಲ. ದೊಡ್ಡಮ್ಮ ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಕೈ ಮುಗಿದು ಕುಳಿತಳು. ಮೇಲೆ ಬಂದದ್ದು ಉದ್ದುದ್ದ ಕಲ್ಲಿನ ತುಂಡುಗಳು.

"ನೀರೆಲ್ಲಪ್ಪ?"

"ನಮಗೆ ನೀರು ಬೇಡಮ್ಮ, ಕಲ್ಲು ಬೇಕು" ಎಂದ ಎಂಜಿನಿಯರ್.

"ಅಯ್ಯೋ ನಿನ್ನ! ಕಲ್ಲು ಮೇಲೇ ಬೇಕಾದಷ್ಟು ಬಿದ್ದಾವಲ್ಲೋ. ಸುಮ್ನೆ ಒಂದು ಕಾಯಿ ದಂಡ!"

ಭಾಷಣ

ಆ ಕಲ್ಲಿನಲ್ಲಿ ಅದಿರು ಚೆನ್ನಾಗಿತ್ತಂತೆ. ದೊಡ್ಡಮ್ಮನ ಹೊಲವೂ ಬೇಕು ಎಂದರು. ಆಕೆ ಕೊಡುವುದಿಲ್ಲ ಎಂದಳು. ಚುನಾವಣೆ ಹತ್ತಿರವಿದ್ದುದರಿಂದ ಇದು ರಾಜಕೀಯವಾಯಿತು. ಮುಖಂಡರೊಬ್ಬರು ಅರಳಿಕಟ್ಟೆ ಹತ್ತಿ, "ಈ ತಾಯಿಯ ಮಣ್ಣು ಮುಟ್ಟೋರು ನನ್ನ ಹೆಣ ದಾಟಿ ಹೋಗಬೇಕು!" ಎಂದು ಗುಡುಗಿದರು. ಅಷ್ಟರಲ್ಲಿ ಗುಡ್ಡದ ಆಚೆಯ ಹಳೇ ಗಣಿಯಿಂದ ಅದಿರಿನ ಲಾರಿಗಳು ಸಾಲಾಗಿ ಬಂದು ಕೆಂಪು ಧೂಳೆಬ್ಬಿಸಿದವು. ಮುಖಂಡರು ಮೈಕಿನಲ್ಲೇ ಕೆಮ್ಮುತ್ತಾ, "ಯಾವನ್ರೀ ಅವನು, ಲಾರಿ ಓನರ್ರು?" ಎಂದು ಕೂಗಿದರು.

ಕುರಿ ಕಾಯುವ ಅಜ್ಜ ಹಿಂದಿನಿಂದ ಹೇಳಿದ: "ನಿಮ್ ಭಾಮೈದನೇ ಸ್ವಾಮಿ. ಪಾಪ, ಹೆಣ ದಾಟಬಾರ್ದು ಅಂತ ಬಳಸ್ಕಂಡು ಹೋಗ್ತಾವ್ನೆ."

ಮೇಲಿನದು, ಕೆಳಗಿನದು

ಕೊನೆಗೆ ಗಣಿ ಇಲಾಖೆಯ ದೊಡ್ಡ ಸಾಹೇಬರೊಬ್ಬರು ದೊಡ್ಡಮ್ಮನನ್ನು ಒಪ್ಪಿಸಲು ಹೊಲಕ್ಕೇ ಬಂದರು. ಶೇಂಗಾ ಕಾಯಿ ಕಟ್ಟಿತ್ತು. ಸಾಲಿನ ನಡುವೆ ನಿಂತು ಸಾಹೇಬರು ನಿಧಾನವಾಗಿ ವಿವರಿಸಿದರು: "ನೋಡಮ್ಮ, ಮೇಲಿನ ಮಣ್ಣು ನಿಂದು. ಕೆಳಗಿರೋದೆಲ್ಲ ಸರ್ಕಾರದ್ದು."

ದೊಡ್ಡಮ್ಮ ಒಂದು ಗಿಡ ಕಿತ್ತು, ಬುಡದಲ್ಲಿ ಜೋತಾಡುವ ಕಾಯಿಗಳನ್ನು ಅವರ ಮುಖದ ಮುಂದೆ ಹಿಡಿದಳು. ಶೇಂಗಾ ಕಾಯಿ ಕಟ್ಟುವುದು ಮಣ್ಣಿನ ಒಳಗೆ. ಪೇಟೆಯ ಓದುಗರಿಗಾಗಿ ಹೇಳಿದೆ.

"ಹಂಗಾದ್ರೆ ಇದೂ ನಿಮ್ದೇ ಆತು. ನಾಳಿಂದ ಸರ್ಕಾರನೇ ಬಂದು ಕಳೆ ಕೀಳ್ಲಿ, ಹಂದಿ ಓಡಿಸ್ಲಿ."

"ಹಾಗಲ್ಲಮ್ಮ, ನಾನು ಹೇಳಿದ್ದು ಅದಿರಿನ ಮಾತು."

"ಅದಿರು ನಿಮ್ದೇ ಇರ್ಲಿ, ಬ್ಯಾಡ ಅಂದೋರ್ಯಾರು? ಕೆಳಗಿನ ದಾರೀಲೇ ಬಂದು ತಗಂಡು ಹೋಗ್ರಿ. ಹೆಗ್ಗಣ ಬರಾಕಿಲ್ವಾ? ಮೇಲೆ ಮಾತ್ರ ಕಾಲಿಡಬ್ಯಾಡ್ರಿ. ಮೇಲಿಂದು ನಂದು, ನೀವೇ ಅಂದ್ರಲ್ಲ."

ಸಾಹೇಬರು ತಮ್ಮ ಬೂಟು ನೋಡಿಕೊಂಡರು. ಸುತ್ತ ನಿಂತಿದ್ದ ನಾವೂ ಬೂಟನ್ನೇ ನೋಡಿದೆವು. ಅವರು ಮೆಲ್ಲಗೆ ಒಂದು ಕಾಲೆತ್ತಿ, ಗಿಡ ತುಳಿಯದಂತೆ ಹಾರಿ, ಬದುವಿನ ಮೇಲೆ ನಿಂತು ಉಸಿರು ಬಿಟ್ಟರು.

"ಬದೂನೂ ನಂದೇ, ಸಾಹೇಬ್ರೆ" ಎಂದಳು ದೊಡ್ಡಮ್ಮ.