ಪಾಂಡುವಿನ ಲಿಫ್ಟ್ ಪರೀಕ್ಷೆ

ನಾಯಿಗೆ ನಡೆಯುವುದನ್ನು ಕಲಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ನಡೆಯುವುದರಲ್ಲಿ ಕಲಿಸುವುದೇನಿದೆ? ದೇವರು ಅದಕ್ಕೆ ನಾಲ್ಕು ಕಾಲು ಕೊಟ್ಟಿದ್ದಾನೆ. ನಮಗಿಂತ ಎರಡು ಹೆಚ್ಚು! ಸೊಂಟಕ್ಕೆ ಬಿಸ್ಕತ್ತಿನ ಚೀಲ ಕಟ್ಟಿಕೊಂಡು, ನಾಯಿಯೊಂದಿಗೆ ಇಂಗ್ಲಿಷಿನಲ್ಲಿ ಸಮಾಲೋಚನೆ ನಡೆಸುವ ಮಹನೀಯರು ದಹಿಸರ್‌ನ ನಮ್ಮ ಗಲ್ಲಿಯಲ್ಲಿ ಎದುರಾದಾಗಲೆಲ್ಲ ಮನಸ್ಸಿನಲ್ಲೇ ನಕ್ಕು ಅವರನ್ನು ಹಿಂದೆ ಹಾಕಿ ಮುಂದೆ ಹೋಗುತ್ತಿದ್ದೆ.

ಅಷ್ಟರಲ್ಲಿ ಮಗಳು ಮದುವೆಯಾಗಿ ಕುರ್ಲಾಕ್ಕೆ ಹೋದಳು. ಅವಳ ಅತ್ತೆಗೆ ನಾಯಿ ಆಗಿಬರುವುದಿಲ್ಲ. ಹೀಗಾಗಿ ಅವಳ ಪಾಂಡು ನಮ್ಮ ಪಾಲಿಗೆ ಉಳಿದ. ಸಂಜೆ ಅವನನ್ನು ಸುತ್ತಾಡಿಸುವುದು ಹೆಂಡತಿ ಶಾರದಾಳ ಕೆಲಸ, ಬೆಳಗ್ಗೆ ನನ್ನದು ಎಂದು ತೀರ್ಮಾನವಾಯಿತು.

ಮೊದಲ ಬೆಳಗ್ಗೆಯೇ ಲಿಫ್ಟಿನ ಬಾಗಿಲು ತೆರೆದದ್ದೇ ತಡ, ನಾನೂ ಪಾಂಡುವೂ ಒಟ್ಟಿಗೆ ಹೊರಗೆ ನುಗ್ಗಿದೆವು. ಎದುರಿಗೆ ನಮ್ಮ ಬಿಲ್ಡಿಂಗಿನ ಸೆಕ್ರೆಟರಿ ಶೆಟ್ಟರು. ಉಡುಪಿಯವರು, ಹೋಟೆಲನ್ನು ಮಗನಿಗೆ ಒಪ್ಪಿಸಿ ಈಗ ಬಿಲ್ಡಿಂಗನ್ನು ಆಳುತ್ತಿರುವವರು. ಕೈಯಲ್ಲಿ ಮೊಟ್ಟೆಯ ಚೀಲ ಇತ್ತು. ಆಮೇಲೆ ಇರಲಿಲ್ಲ!

“ಎಂತ ದೇಸಾಯ್ರೇ, ಇದು ನಾಯಿಯಾ, ಬುಲ್ಡೋಜರಾ?” ಎಂದು ಶೆಟ್ಟರು ಗುಡುಗಿದರು. “ಬರುವ ಆದಿತ್ಯವಾರ ಕಮಿಟಿಯ ಎದುರು ಇವ ಲಿಫ್ಟಿನಿಂದ ಗೇಟಿನವರೆಗೆ ಸುಮ್ಮನೆ ನಡೆದು ತೋರಿಸಬೇಕು. ಇಲ್ಲದಿದ್ರೆ ಇವನಿಗೆ ಲಿಫ್ಟ್ ಬಂದ್ ಮಾರಾಯ್ರೇ!”

ಕಮಿಟಿ ಎಂದರೆ ಶೆಟ್ಟರು ಮತ್ತು ಅವರು ಹೇಳಿದ್ದಕ್ಕೆ ತಲೆಯಾಡಿಸುವ ಇಬ್ಬರು. ಆದರೆ ನಮ್ಮ ಮನೆ ಇರುವುದು ಏಳನೆಯ ಮಹಡಿಯಲ್ಲಿ.

“ಲಿಫ್ಟ್ ಬಂದ್ ಆದ್ರ ನನ್ನ ಮೊಣಕಾಲು ಏಳು ಮಾಳಿಗಿ ಇಳಿಯೂದಿಲ್ಲ ನೋಡ್ರಿ. ಪಾಂಡೂನ್ನ ಯಾರಿಗರೆ ಕೊಟ್ಟುಬಿಡಬೇಕಾಗ್ತದ,” ಎಂದಳು ಶಾರದಾ. ಹೇಳುವಾಗಲೇ ಅವಳ ಕಣ್ಣು ತುಂಬಿತು. ನನಗೂ ಸಂಕಟವಾಯಿತು. “ನಾ ಕರ್ಕೊಂಡು ಹೋದ್ರ ಎಷ್ಟು ಛಂದ ನಡೀತದಲ್ರೀ ಅದು!”

“ನೀ ನಡಿಯೂದಕ್ಕ ನಡಿಗಿ ಅಂತಾರೇನು? ಬ್ಯಾಸರಾಗಿ ಸುಮ್ಮನಿರ್ತದ ಅಷ್ಟ,” ಎಂದೆ. ಮೂವತ್ತು ವರ್ಷ ವಿಲೆ ಪಾರ್ಲೆಯ ಆಫೀಸಿಗೆ ಓಡಾಡಿ ಒಂದೂ ಲೋಕಲ್ ರೈಲು ತಪ್ಪಿಸಿಕೊಳ್ಳದ ನನಗೆ ಇವಳಿಂದ ನಡಿಗೆಯ ಪಾಠವೇ?

“ಹೌದ್ರಿ, ನಮ್ಮ ಮದುವಿ ಮೆರವಣಿಗ್ಯಾಗೂ ನೀವು ಬ್ಯಾಂಡಿನವರಿಗಿಂತ ಮುಂದಿದ್ರಿ!” ಎಂದು ಹೇಳಿ ಅವಳು ಒಳಗೆ ಹೋದಳು.

ಕೊನೆಗೆ ಮಾನ ಬಿಟ್ಟು ಮೊಬೈಲಿನಲ್ಲಿ ಒಬ್ಬ ತರಬೇತುದಾರನ ವಿಡಿಯೋ ನೋಡಿದೆ. ನಾಯಿ ಎಳೆದರೆ ಅಲ್ಲೇ ನಿಂತುಬಿಡಿ, ಹಗ್ಗ ಸಡಿಲವಾದ ಮೇಲೆ ಹೆಜ್ಜೆ ಇಡಿ ಎಂದು ಆತ ಉಪದೇಶಿಸಿದ. ಆತ ನಿಂತಿದ್ದದ್ದು ಖಾಲಿ ಹುಲ್ಲುಗಾವಲಿನಲ್ಲಿ! ನಾನು ಸ್ಟೇಷನ್ ರಸ್ತೆಯಲ್ಲಿ ನಿಂತುಬಿಟ್ಟೆ. ಹಿಂದಿನಿಂದ ಬಂದವರು ಒಬ್ಬರಾದ ಮೇಲೊಬ್ಬರು ನನ್ನ ಬೆನ್ನಿಗೆ ಢಿಕ್ಕಿ ಹೊಡೆದು, ಎರಡು ಭಾಷೆಗಳಲ್ಲಿ ನನ್ನ ವಂಶೋದ್ಧಾರ ಮಾಡಿದರು.

ಬಹುಮಾನ ಕೊಡಿ ಎಂದೂ ಆತ ಹೇಳಿದ್ದ. ಮರುದಿನ ಪ್ಯಾಂಟಿನ ಜೇಬಿನಲ್ಲಿ ಶೇಂಗಾ ಹೋಳಿಗೆಯ ಚೂರು ತುಂಬಿಕೊಂಡು ಹೊರಟೆ. ಪಾಂಡು ಎಳೆಯಲೇ ಇಲ್ಲ. ಜೇಬಿನೊಳಗೆ ಮೂತಿ ತೂರಿಸಿಕೊಂಡೇ ನಡೆದ. ಬೀದಿನಾಯಿಗಳೂ ತರಬೇತಿಗೆ ಸೇರಿಕೊಂಡವು. ಹಿಂತಿರುಗಿದಾಗ ಹೋಳಿಗೆಯೂ ಇರಲಿಲ್ಲ, ಜೇಬೂ ಇರಲಿಲ್ಲ.

ಆಮೇಲೆ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡೆ. ಇದು ನನ್ನ ಸ್ವಂತ ಸಂಶೋಧನೆ. ಒಂದು ಬೆಕ್ಕು ನಿಂತಿದ್ದ ರಿಕ್ಷಾದೊಳಗೆ ಹಾರಿತು. ಅದರ ಹಿಂದೆ ಪಾಂಡು, ಪಾಂಡುವಿನ ಹಿಂದೆ ನಾನು. ಬೆಕ್ಕು ಆಚೆ ಬದಿಯಿಂದ ಇಳಿಯಿತು, ಪಾಂಡುವೂ ನುಸುಳಿದ. ನಾನು ಅಡ್ಡ ಸರಳಿಗೆ ಸಿಕ್ಕು ಸೀಟಿನ ಮೇಲೆ ಕುಸಿದೆ. ಚಾಲಕ ತಿರುಗಿಯೂ ನೋಡದೆ ಮೀಟರ್ ಹಾಕಿ, “ಕಿಧರ್ ಜಾನೇ ಕಾ?” ಎಂದು ಕೇಳಿದ!

ಆದಿತ್ಯವಾರ ಬಂತು. ಕಮಿಟಿ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿತ್ತು. ಶಾರದಾ ಪಕ್ಕದಲ್ಲಿ ಕೈ ಜೋಡಿಸಿ ನಿಂತಿದ್ದಳು. ಲಿಫ್ಟಿನ ಬಾಗಿಲು ತೆರೆಯಿತು. ಏನಾಶ್ಚರ್ಯ! ಪಾಂಡು ಮದುಮಗನ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಾ ಹೊರಗೆ ಬಂದ. ಹಗ್ಗ ಸಡಿಲವಾಗಿ ತೂಗುತ್ತಿತ್ತು. ನಾನು ಎದೆಯುಬ್ಬಿಸಿ ಶೆಟ್ಟರತ್ತ ಒಂದು ತಿರಸ್ಕಾರದ ನೋಟ ಬೀರಿದೆ.

ಆಗಲೇ ಕಾಂಪೌಂಡಿನ ಆಚೆ ಚರ್ಚ್‌ಗೇಟ್ ಲೋಕಲ್ ಹಾರ್ನ್ ಹಾಕಿತು.

ರಜೆಯ ದಿನ ಎಂದು ತಲೆಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ! ನಾನು ಗೇಟಿನತ್ತ ದೌಡಾಯಿಸಿದೆ. ಪಾಂಡು ನಾಲ್ಕೂ ಕಾಲು ಊರಿ ಅಲ್ಲೇ ಕೂತುಬಿಟ್ಟ. ಹಗ್ಗ ಬಿಗಿಯಿತು, ನಾನು ಎಳೆದೆ, ಕೊಂಡಿ ಕಳಚಿತು. ನಾನು ನೇರವಾಗಿ ಶೆಟ್ಟರ ಮಡಿಲಿಗೆ ಹೋಗಿ ಬಿದ್ದೆ. ಕುರ್ಚಿ ಮಗುಚಿತು. ಪಾಂಡು ಕೂತಲ್ಲಿಂದ ಅಲುಗದೆ ಇದನ್ನೆಲ್ಲ ನೋಡುತ್ತಿದ್ದ.

ಶೆಟ್ಟರು ಎದ್ದು ಧೂಳು ಕೊಡವಿಕೊಂಡು ತೀರ್ಪು ಕೊಟ್ಟರು. “ನಾಯಿ ಪಾಸ್, ಶಾರದಕ್ಕ. ಅದಕ್ಕೆ ಲಿಫ್ಟ್ ಉಂಟು. ಆದ್ರೆ ಹಗ್ಗ ಇವರ ಕೈಯಲ್ಲಿದ್ರೆ ಇಬ್ಬರಿಗೂ ಮೆಟ್ಟಿಲೇ.” ಕಮಿಟಿಯ ಉಳಿದಿಬ್ಬರು ತಲೆಯಾಡಿಸಿದರು.

ಶಾರದಾ ಅಳುತ್ತಲೇ ನಕ್ಕು ಪಾಂಡುವನ್ನು ತಬ್ಬಿಕೊಂಡಳು. ನನ್ನ ಮಂಡಿ ತರಚಿದ್ದನ್ನು ಯಾರೂ ಕೇಳಲಿಲ್ಲ.

ಈಗ ಸಂಜೆ ನಾವು ಮೂವರೂ ಹೊರಡುತ್ತೇವೆ. ಶಾರದಾಳ ಒಂದು ಕೈಯಲ್ಲಿ ಪಾಂಡುವಿನ ಹಗ್ಗ, ಇನ್ನೊಂದರಲ್ಲಿ ನನ್ನ ಮುಂಗೈ. ನಾನು ಮುಂದೆ ನುಗ್ಗಿದರೆ ಇಬ್ಬರೂ ನಿಂತುಬಿಡುತ್ತಾರೆ. ಗಲ್ಲಿಯ ಕೊನೆಯವರೆಗೆ ಸುಮ್ಮನೆ ನಡೆದರೆ ನನಗೂ ಒಂದು ಚೂರು ಶೇಂಗಾ ಹೋಳಿಗೆ ಸಿಗುತ್ತದೆ. ನಿನ್ನೆ ಸಿಗಲಿಲ್ಲ.