ಒಂದು ಸೀಟಿಗೆ ನಿಲ್ಲುವ ಪ್ರೋಗ್ರಾಮು

ನಮ್ಮ ಚಿಕ್ಕಪ್ಪ ಕಂಪ್ಯೂಟರ್ ಮುಂದೆ ಕೂತು ಸೀಟಿ ಊದುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ, ನಂಜನಗೂಡಿನಲ್ಲಿ ಅವರ ಬೀದಿಯವರೂ ಮೊದಲು ನಂಬಿರಲಿಲ್ಲ!

ನಂಜನಗೂಡು–ನರಸೀಪುರ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ, ರಜೆ ಸಿಕ್ಕರೆ ಮೊಬೈಲಿಗೆ ಪ್ರೋಗ್ರಾಮು ಬರೆಯುವ ಹುಚ್ಚು. ಬಟನ್ ಮೊಬೈಲಿನ ಕಾಲ ಅದು. ಮುಚ್ಚಿಹೋದ ಸೈಬರ್ ಸೆಂಟರಿನಿಂದ ತಂದ ಹಳೇ ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್ ಇತ್ತು. ಪರದೆಯ ಒಂದು ಕಡೆ ಮೊಬೈಲಿನ ಚಿತ್ರ, ಇನ್ನೊಂದು ಕಡೆ ಪ್ರೋಗ್ರಾಮಿನ ಸಾಲುಗಳು. ಬೇಕಾದ ಸಾಲಿನ ಪಕ್ಕ ಕೆಂಪು ಚುಕ್ಕೆ ಇಟ್ಟರೆ ಪ್ರೋಗ್ರಾಮು ಅಲ್ಲೇ ನಿಲ್ಲುತ್ತದೆ, ಒಳಗೇನಾಗಿದೆ ಎಂದು ಇಣುಕಿ ನೋಡಬಹುದು. ಬಸ್ಸಿನಂತೆ ಇದಕ್ಕೂ ನಿಲ್ಲಿಸಲು ಒಂದು ಸೀಟಿ, ಬಿಡಲು ಎರಡು!

"ಸೀಟಿ ಅದಕ್ಕೆ ಕೇಳಿಸ್ತದಾ ಚಿಕ್ಕಪ್ಪ?"

"ಅದಕ್ಕಲ್ಲ ಕಣ್ಲಾ, ನನ್ನ ಬೆರಳಿಗೆ. ಸೀಟಿ ಊದ್ದೆ ಯಾವ್ದೂ ಮುಂದಕ್ಕೋಗಕಿಲ್ಲ!"

ಈ ಚಾಳಿ ಅಡುಗೆಮನೆಗೂ ನುಗ್ಗಿತು. ಬಸ್ಸಾರು ಉಪ್ಪಾದ ದಿನ ಒಂದು ಸೀಟಿ. "ನಿಲ್ಸು. ಸೊಪ್ಪು ಬೇಯಕಿಟ್ಟಾಗ್ಲೇ ಉಪ್ಪಾಕಿದ್ಯಾ? ಆಮೇಲೂ ಆಕುದ್ಯಾ?" ಚಿಕ್ಕಮ್ಮ ಸೌಟು ಎತ್ತಿ, "ಎಲ್ಡು ಸೀಟಿ ಊದ್ಕೊಂಡು ಆಚೆಗೋಗಿ" ಎಂದರು.

ಆದರೆ ಈ ಹುಚ್ಚಿನ ಹಿಂದೆ ಒಂದು ಹೆದರಿಕೆ ಇತ್ತು. ಚಿಕ್ಕಮ್ಮನಿಗೆ ಫಿಟ್ಸ್. ಒಮ್ಮೆ ಸಂಜೆಯ ಮಾತ್ರೆ ಮರೆತು ಬಚ್ಚಲಲ್ಲಿ ಬಿದ್ದಿದ್ದರು. ಅದಕ್ಕೇ ಚಿಕ್ಕಪ್ಪ ಸಂಜೆ ಏಳಕ್ಕೆ ಕೂಗುವ ಪ್ರೋಗ್ರಾಮು ಬರೆದು ಅವರ ಮೊಬೈಲಿಗೆ ಹಾಕಿದರು. ಮೊಬೈಲಿನಲ್ಲೇ ಅಲಾರಂ ಇರಲಿಲ್ಲವೇ ಎಂದಿರಾ? ಬೇರೆಯವರು ಬರೆದ ಅಲಾರಮ್ಮನ್ನು ಈ ಮಹಾನುಭಾವರು ನಂಬಬೇಕಲ್ಲ!

ರಜೆಯ ದಿನ ಅದು ಇಡೀ ಬೀದಿಗೆ ಕೇಳುವಂತೆ ಕೂಗಿತು. ಡ್ಯೂಟಿಯ ದಿನ ಮಾತ್ರ ಮೂಗ! ಚಿಕ್ಕಪ್ಪ ಮನೆಗೆ ಬಂದವರೇ "ಕೂಗ್ತಾ?" ಎನ್ನುವುದು, ಚಿಕ್ಕಮ್ಮ "ಇಲ್ಲ" ಎನ್ನುವುದು. ಹೀಗೇ ಮೂರು ವಾರ. ಪಾಪ, ಚಿಕ್ಕಪ್ಪನಿಗೆ ಅನ್ನ ಸೇರುತ್ತಿರಲಿಲ್ಲ.

ಒಂದು ಭಾನುವಾರ ಸಾಲು ಸಾಲಿಗೂ ಸೀಟಿ ಊದುತ್ತಾ ಕೂತಿದ್ದರು. ಪಕ್ಕದಲ್ಲಿದ್ದ ನಾನು ಸುಮ್ಮನಿರಲಾರದೆ, ಪರದೆಯ ಮೊಬೈಲಿಗೆ ಸುಳ್ಳು ಕರೆ ಕಳಿಸುವ ಬಟನ್ ಒತ್ತಿದೆ. ಕರೆ ಬಂದದ್ದೇ ತಡ, ಪ್ರೋಗ್ರಾಮು ಮಲಗಿತು. ಕರೆ ಮುಗಿದರೂ ಏಳಲಿಲ್ಲ.

"ಚಿಕ್ಕಪ್ಪ, ನೀವು ಡ್ಯೂಟಿಗೆ ಹೋದ ದಿನ ಏಳಕ್ಕೆ ಮುಂಚೆ ಚಿಕ್ಕಮ್ಮಂಗೆ ಯಾರು ಫೋನ್ ಮಾಡ್ತಾರೆ?"

ಸೀಟಿ ಬಾಯಿಂದ ಜಾರಿತು. "ನಾನೇ ಕಣ್ಲಾ... ನರಸೀಪುರದ ಸ್ಟ್ಯಾಂಡಿಂದ. ಇನ್ನೈದು ನಿಮಿಸಕ್ಕೆ ಕೂಗ್ತದೆ, ಮಾತ್ರೆ ಕೈಲಿಟ್ಕೊಂಡಿರು ಅಂತ ಯೋಳಕೆ!"

ನಾನು ಬಿದ್ದು ಬಿದ್ದು ನಕ್ಕೆ. ಚಿಕ್ಕಮ್ಮ ನಗಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದರು: "ಒಂದಿನಾನೂ ಮಾತ್ರೆ ತಪ್ಪುಸಿಲ್ಲ ಕಣ್ರೀ. ನಿಮ್ಮ ದನಿ ಕೇಳುಸ್ತಿದ್ದಂಗೇ ನುಂಗ್ಬುಡ್ತೀನಿ. ಅದು ಕೂಗುದ್ರೆ ಕೂಗ್ಲಿ, ಬುಟ್ರೆ ಬುಡ್ಲಿ. ನೀವು ಮಾತ್ರ ಫೋನ್ ನಿಲ್ಲುಸ್ಬ್ಯಾಡಿ."

ಚಿಕ್ಕಪ್ಪ ಕೆಂಪು ಚುಕ್ಕೆ ತೆಗೆದರು. ಎರಡು ಸೀಟಿ ಊದಲು ಹೋದರು, ಬರೀ ಗಾಳಿ ಬಂತು.

ನಾನೇ "ರೈಟ್, ರೈಟ್" ಎಂದೆ.